ಹೂವಿಗೆ ಕಟ್ಟಿದ ಕೆಂಪು ದಾರ

ರುಕ್ಮಿಣಿಬಾಯಿಗೆ ಸೇಡಂನಲ್ಲಿ ಯಾರ ಮೇಲೂ ದ್ವೇಷವಿರಲಿಲ್ಲ, ಪಕ್ಕದ ಮನೆಯ ಗುರುಲಿಂಗಮ್ಮನ ತೋರುಬೆರಳೊಂದನ್ನು ಬಿಟ್ಟರೆ. ಕುಂಬಳದ ಹೀಚಿಗೆ ಬೆರಳು ಮಾಡಬಾರದು, ಮಾಡಿದರೆ ಅದು ಕೊಳೆತು ಉದುರುತ್ತದೆ ಎಂಬುದು ಸಣ್ಣ ಕೂಸಿಗೂ ಗೊತ್ತಿರುವ ಮಾತು. ಗುರುಲಿಂಗಮ್ಮ ಮಾತ್ರ ನಡುಗೋಡೆಯ ಫರಸಿಕಲ್ಲಿನ ಮೇಲೆ ಮೊಣಕೈ ಊರಿ, ಬೆರಳನ್ನು ಉದ್ದಕ್ಕೆ ಚಾಚಿ, “ಬಾಯಾರ, ಅಲ್ಲೊಂದು ಬಿಟ್ಟದ ನೋಡ್ರಿ, ಅಗಾ ಅಲ್ಲೊಂದು!” ಎಂದು ಎಣಿಸುತ್ತಿದ್ದಳು. ಒಳ್ಳೆಯ ಮನಸ್ಸಿನಿಂದಲೇ ಎಣಿಸುತ್ತಿದ್ದಳು ಎನ್ನಿ. ಆದರೆ ಬೆರಳಿಗೆ ಮನಸ್ಸು ಎಲ್ಲಿಂದ ಬರಬೇಕು?

ಆ ಕುಂಬಳ ಅಂತಿಂಥದ್ದಲ್ಲ. ರುಕ್ಮಿಣಿಬಾಯಿ ಮದುವೆಯಾಗಿ ತವರೂರು ಚಿಮ್ಮನಚೋಡದಿಂದ ಬರುವಾಗ ತಾಯಿ ಉಡಿಯಕ್ಕಿಯ ಜೊತೆ ಹಾಕಿದ ಬೀಜದ ಸಂತಾನ ಅದು. ಬೂದು ಬಣ್ಣದ ಸಿಪ್ಪೆ, ಕೊಯ್ದರೆ ಒಳಗೆ ಅರಿಶಿನದ ಬಣ್ಣ, ಹಿಟ್ಟಿಗೆ ಕಲಸಿ ಸಿಹಿ ಗಾರಿಗೆ ಕರಿದರೆ ಅರ್ಧ ಬೆಲ್ಲ ಸಾಕು. ಈಚೆಗೆ ಕೆಲವು ವರ್ಷಗಳಿಂದ ಅದಕ್ಕೆ ಏನಾಯಿತೋ, ತಿರುಳು ಬಿಳಿಚಿಕೊಂಡಿತು. ಬೇಯಿಸಿದರೆ ನೀರೇ ನೀರು. ಹಬ್ಬದ ದಿನ ಗಾರಿಗೆಯ ಹಿಟ್ಟು ಕೈಗೆ ಅಂಟಿಕೊಂಡು ಬಂದವರೆದುರು ಮಾನ ತೆಗೆಯಿತು. ಈ ವರ್ಷ ಅಟ್ಟದ ಗಡಿಗೆಯೊಂದರಲ್ಲಿ, ಒಳ್ಳೆಯ ಕಾಲದ ಬೀಜ ಒಂದಿಷ್ಟು ಬೂದಿಯಲ್ಲಿ ಉಳಿದದ್ದು ಸಿಕ್ಕಿತು. ಎಲ್ಲವನ್ನೂ ಊರಿದಳು, ಮೊಳೆತದ್ದು ಒಂದೇ. ಆ ಒಂದು ಬಳ್ಳಿಯಿಂದ ಬೀಜ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ತಾಯಿಯ ಕುಂಬಳ ಇಲ್ಲಿಗೆ ಮುಗಿಯಿತು.

ಸೊಸೆ ರಂಜನಾ ಶಾಲೆಯ ಟೀಚರು. ಅವಳು ಒಂದು ಬೆಳಗ್ಗೆ ಬಿಡಿಸಿ ಹೇಳಲು ನೋಡಿದ್ದಳು. “ಅತ್ಯಾ, ಇದು ದೃಷ್ಟಿ ಅಲ್ರಿ. ಗುರುಲಿಂಗಮ್ಮನೋರು ಅಂಗಡಿ ಬೀಜ ಹಾಕ್ಯಾರ. ಜೇನುನೊಣ ಅಲ್ಲಿ ಗಂಡು ಹೂವಿನ ಪುಡಿ ತಂದು ನಮ್ಮ ಹೆಣ್ಣು ಹೂವಿಗಿ ಹಚ್ಚತಾವ. ಕಾಯಿ ನಮ್ಮದೇ ಕಾಣತದ, ಒಳಗ ಬೀಜ ಬೆರಕಿ ಆಗತದ. ಮುಂದಿನ ವರ್ಷ ಅದನ್ನ ಊರಿದ್ರ ಇಂಥಾ ನೀರು ಕಾಯಿ ಬರತದ.”

“ಮುಂಜಾನೆದ್ದು ಗಂಡು ಹೆಣ್ಣು ಅಂತ ಏನ್ ಮಾತವಾ ಇವು! ಮಡಿಯಾಗಿದ್ದೀನಿ, ಸುಮ್ನಿರು,” ಎಂದು ಅತ್ತೆ ಗದರಿದ ಮೇಲೆ ರಂಜನಾ ಆ ಸುದ್ದಿ ಎತ್ತಲಿಲ್ಲ.

ಅಮಾವಾಸ್ಯೆಯ ಬೆಳಗು. ರುಕ್ಮಿಣಿಬಾಯಿ ಸ್ನಾನ ಮಾಡಿ ಪೂಜೆಗೆ ಹೂ ಹರಿಯಲು ಹಿತ್ತಲಿಗೆ ಬಂದವಳು ಬಳ್ಳಿಯ ಮುಂದೆ ನಿಂತುಬಿಟ್ಟಳು. ಬಿರಿಯಬೇಕಾದ ಹೆಣ್ಣು ಮೊಗ್ಗಿನ ತುದಿಗೆ ಕೆಂಪು ದಾರ ಸುತ್ತಿದೆ. ಪಕ್ಕದ ಗಂಡು ಮೊಗ್ಗಿಗೂ ಸುತ್ತಿದೆ. ಕುಂಬಳ, ಕೆಂಪು ದಾರ, ಅದೂ ಅಮಾವಾಸ್ಯೆ! ಮಾಟವಲ್ಲದೆ ಇನ್ನೇನು? ಯಾರ ಮಾಟ ಎಂದು ತಲೆ ಕೆಡಿಸಿಕೊಳ್ಳುವ ಅಗತ್ಯವೂ ಬೀಳಲಿಲ್ಲ, ಆ ಬೆರಳು ಕಣ್ಣ ಮುಂದೆಯೇ ಇತ್ತು. ಅಡುಗೆಮನೆಯಿಂದ ಇಕ್ಕಳ ತಂದು, ಕೈ ತಾಗದಂತೆ ದಾರ ಕಿತ್ತಳು. ಕಾದು ಕುಳಿತಿದ್ದ ಹೂವು ಅರಳಿತು, ಹಿಂದೆಯೇ ಜೇನುನೊಣಗಳು ನುಗ್ಗಿದವು. ದಾರಗಳನ್ನು ಅವಳು ಗೋಡೆಯಾಚೆ ಎಸೆದಳು.

ಅಲ್ಲಿ ಗುರುಲಿಂಗಮ್ಮ ಕಸಬರಿಗೆ ಹಿಡಿದು ಹಿತ್ತಲು ಗುಡಿಸುತ್ತಿದ್ದಳು.

“ಇಷ್ಟು ವರ್ಷದ ನೆರಿಹೊರಿ! ನಮ್ಮ ಬಳ್ಳಿಗಿ ಮಾಟ ಮಾಡಸೂವಷ್ಟು ನಿಮಗ ನಾ ಏನ್ ಮಾಡೀನ್ರಿ?”

ಗುರುಲಿಂಗಮ್ಮ ಕೊರಳಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. “ಬಾಯಾರ, ಲಿಂಗ ಕಟಗೊಂಡ ಕೊರಳದ ಇದು. ಮಾಟದ ಹೆಸರು ತಗೀಬ್ಯಾಡ್ರಿ.”

ಅಷ್ಟರಲ್ಲಿ ಅರ್ಧ ಹೆಣೆದ ಜಡೆಯಲ್ಲೇ ರಂಜನಾ ಓಡಿಬಂದಳು. “ಅತ್ಯಾ! ಅದು ನಾ ಕಟ್ಟಿದ್ರಿ! ನಿನ್ನಿ ಸಂಜಿಕ ನೀವು ಮಠಕ್ಕ ಹೋದಾಗ ಕಟ್ಟೀನಿ. ನೊಣ ಹೋಗಬಾರದಂತ. ಈಗ ಬಿಚ್ಚಿ, ನಮ್ಮದೇ ಗಂಡು ಹೂ ತಂದು ಮುಟ್ಟಸಿ, ಮತ್ತ ಕಟ್ಟೂದಿತ್ತು. ಎಲಿಯಾಗ ಕಾಣ್ಲಿ ಅಂತ ತೋರಣದ ಕೆಂಪು ಉಲ್ಲನ್ ದಾರ ತಗೊಂಡಿದ್ದೆ.” ಹೂವಿನೊಳಗೆ ಹೊರಳಾಡುತ್ತಿದ್ದ ನೊಣ ಕಂಡಿತು. ಅವಳು ಮೆಟ್ಟಿಲ ಮೇಲೆ ಕುಸಿದು ಕುಳಿತು ಅತ್ತಳು. “ನಮ್ಮ ಮನಿ ಕುಂಬಳ ಅಂತ ನಾನೂ ತಿಳ್ಕೊಂಡಿದ್ದೆ. ನಿಮ್ಮೊಬ್ಬರದೇ ಏನ್ರಿ ಅದು?”

ರುಕ್ಮಿಣಿಬಾಯಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಸೊಸೆಗೆ ಹಿತ್ತಲೆಂದರೆ ತಾತ್ಸಾರ ಎಂದೇ ಅವಳು ಇಷ್ಟು ದಿನ ನಂಬಿದ್ದಳು. ಗೋಡೆಯಾಚೆ ಎಲ್ಲವನ್ನೂ ಕೇಳಿಸಿಕೊಂಡ ಗುರುಲಿಂಗಮ್ಮ ಕಸಬರಿಗೆ ಅಲ್ಲಿಯೇ ಒಗೆದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಬಳ್ಳಿಯ ಆಯುಷ್ಯ ಮುಗಿಯುತ್ತ ಬಂದಿತ್ತು. ಹಿಂದೆ ಬಿಟ್ಟ ಕಾಯಿಗಳು ತಿನ್ನಲು ಸರಿ, ಬೀಜಕ್ಕೆ ನಂಬುವಂತಿಲ್ಲ. ಹುಡುಕಿದರೆ ಇನ್ನೊಂದೇ ಹೆಣ್ಣು ಮೊಗ್ಗು ಉಳಿದಿತ್ತು. ಅದು ಗೋಡೆ ಹತ್ತಿ ಗುರುಲಿಂಗಮ್ಮನ ಕಟ್ಟಿಗೆ ಕೋಣೆಯ ತಗಡಿನ ಮೇಲೆ ಹೋಗಿ ಕುಳಿತಿತ್ತು. ತುಕ್ಕು ತಿಂದ ತಗಡು, ಬೆಕ್ಕು ನಡೆದರೂ ಕಿರುಗುಟ್ಟುತ್ತದೆ. ಯಾರೂ ಏರುವಂತಿರಲಿಲ್ಲ, ಎಟುಕುವಂತೆಯೂ ಇರಲಿಲ್ಲ.

“ನಾಳಿ ಮುಂಜಾನಿ ಅರಳತದ್ರಿ,” ಎಂದಳು ರಂಜನಾ, ಗೋಡೆಯಾಚೆ ಮತ್ತೆ ಶುರುವಾಗಿದ್ದ ಕಸಬರಿಗೆಯ ಸದ್ದಿನ ನಡುವೆ. “ಕಟ್ಟಾಕಂತೂ ಆಗಂಗಿಲ್ಲ. ನಾಳಿ ಒಂದಿನ ಅವರ ಬಳ್ಳ್ಯಾಗ ಹೂ ಇರಲಿಲ್ಲಂದ್ರ ನೊಣ ನಮ್ಮ ಗಂಡು ಹೂವಿನ ಪುಡಿನೇ ತರತಾವ, ನಮ್ಮ ಬೀಜ ಉಳೀತದ. ಈ ಓಣ್ಯಾಗ ಮತ್ತ ಯಾರೂ ಕುಂಬಳ ಹಾಕಿಲ್ಲ. ಕೇಳಿ ನೋಡ್ರಿ.”

ಸಂಜೆ ರುಕ್ಮಿಣಿಬಾಯಿ ಸೀರೆಯ ಸೆರಗು ಹೊದ್ದು, ಓಣಿ ಸುತ್ತಿಕೊಂಡು, ಗುರುಲಿಂಗಮ್ಮನ ಮುಂಬಾಗಿಲಿಗೆ ಹೋದಳು. ಗುರುಲಿಂಗಮ್ಮ ಬಾಗಿಲು ತೆರೆದಳು. ‘ಬರ್ರಿ’ ಎನ್ನಲಿಲ್ಲ, ‘ಕುಂದ್ರಿ’ ಎನ್ನಲಿಲ್ಲ. ಆ ಸೀಮೆಯಲ್ಲಿ ಅದಕ್ಕಿಂತ ದೊಡ್ಡ ಕಪಾಳಮೋಕ್ಷವಿಲ್ಲ.

“ತಪ್ಪಾಯ್ತು ಗುರುಲಿಂಗಮ್ಮನೋರೆ. ಬಾಯಿಗಿ ಬಂದಂಗ ಅಂದುಬಿಟ್ಟೆ. ಮನಸಿನ್ಯಾಗೂ ಭಾಳ ದಿನದಿಂದ ಇಟಗೊಂಡಿದ್ದೆ, ಅದು ಇನ್ನೂ ದೊಡ್ಡ ತಪ್ಪು.”

ಮುಂದಿನ ಮಾತು ಗಂಟಲವರೆಗೂ ಬಂದಿತ್ತು. ನಾಳೆ ಒಂದು ಬೆಳಗ್ಗೆ ನಿಮ್ಮ ಹೂ ಹರಿದುಬಿಡಿ, ಅಷ್ಟೇ. ತಾಯಿಯ ಕೈ, ಉಡಿಯ ಅಕ್ಕಿ, ಎಲ್ಲ ನೆನಪಾಯಿತು. ಆದರೆ ಎದುರಿಗೆ ನಿಂತವಳ ಮುಖ ನೋಡಿದರೆ, ಬೆಳಗಿನ ಆ ಮಾತು ಇನ್ನೂ ಅಲ್ಲಿಯೇ ಇತ್ತು. ರುಕ್ಮಿಣಿಬಾಯಿ ಗಂಟಲಲ್ಲಿದ್ದದ್ದನ್ನು ನುಂಗಿಕೊಂಡು ತಿರುಗಿ ಬಂದಳು.

“ಕೇಳಿದ್ರೇನ್ರಿ?” ರಂಜನಾ ಬಾಗಿಲಲ್ಲೇ ಕಾದಿದ್ದಳು.

“ಇಲ್ಲವಾ. ತಪ್ಪಾಯ್ತು ಅನ್ನಾಕ ಹೋಗಿ ಹಿಂದ ಮತ್ತೊಂದು ಬೇಡಿದ್ರ, ಅದು ತಪ್ಪಾಯ್ತು ಅಂದಂಗ ಆಗ್ತದೇನು? ಹೋದ್ರ ಹೋಗ್ಲಿ ಬಿಡು.” ಹಾಗೆಂದಳೇ ಹೊರತು ಊಟ ಸೇರಲಿಲ್ಲ. ಸೊಸೆಯೂ ಮತ್ತೆ ಒತ್ತಾಯ ಮಾಡಲಿಲ್ಲ, ಅತ್ತೆಯ ಪಕ್ಕದಲ್ಲಿ ಹೋಗಿ ಕುಳಿತಳು.

ಬೆಳಕು ಹರಿದ ಮೇಲೆ ಇಬ್ಬರೂ ಹಿತ್ತಲಿಗೆ ಬಂದರು. ತಗಡಿನ ಮೇಲೆ ಹೂವು ಅರಳಿತ್ತು. ರುಕ್ಮಿಣಿಬಾಯಿ ಒಲ್ಲದ ಮನಸ್ಸಿನಿಂದ ಗೋಡೆಯಾಚೆ ಇಣುಕಿದಳು. ಗುರುಲಿಂಗಮ್ಮನ ಬಳ್ಳಿಯಲ್ಲಿ ಬರೀ ಎಲೆ. ಮೊಗ್ಗು ಕೂಡ ಇಲ್ಲ. ಗುರುಲಿಂಗಮ್ಮ ತನ್ನ ಕಟ್ಟೆಯ ಮೇಲೆ ಕುಳಿತು, ಬುಟ್ಟಿ ತುಂಬ ಹಳದಿ ಕುಂಬಳದ ಹೂವು ಇಟ್ಟುಕೊಂಡು, ಪಲ್ಯಕ್ಕೆಂದು ಅವುಗಳ ದಂಟು ಮುರಿಯುತ್ತಿದ್ದಳು.

“ಗಂಡ್ಯಾವುದು ಹೆಣ್ಣ್ಯಾವುದು, ಕನ್ನಡಕ ಇಲ್ದ ತಿಳೀಲಿಲ್ಲ,” ಎಂದಳು ತಲೆ ಎತ್ತದೆ. “ಎಲ್ಲಾ ಹರದೆ.”

ರುಕ್ಮಿಣಿಬಾಯಿಯ ಕಣ್ಣು ತುಂಬಿ ಬಂತು. “ಹಂಗಾದ್ರ ಸಿಟ್ಟು ಹೋಯ್ತೇನ್ರಿ?”

“ಎಲ್ಲಿ ಹೋಗ್ತದ? ಸಿಟ್ಟು ನಿಮ್ಮ ಮ್ಯಾಲದ. ಬಳ್ಳಿ ಮ್ಯಾಲ ಇಲ್ಲ.”

“ಎಲ್ಲೀತನಾ ಇರ್ತದ್ರಿ?”

ಗುರುಲಿಂಗಮ್ಮ ಕೈಯೊಳಗಿನ ಹೂವನ್ನು ಬುಟ್ಟಿಗೆ ಹಾಕಿ ಎದ್ದಳು. ಕತ್ತೆತ್ತಿ ತನ್ನ ತಗಡನ್ನು ಒಂದು ಗಳಿಗೆ ನೋಡಿದಳು.

“ಆ ಕಾಯಿ ಬಲಿಯೂತನಾ,” ಎಂದಳು.