ಗವರ್ನರ್‌ಗೆ ಕಟ್ಟಿದ ತಂತಿ

ಅಂಗಳದಲ್ಲಿ ಟ್ರ್ಯಾಕ್ಟರ್ ಶುರುವಾದರೆ ಆ ಮನೆಯ ಅಡುಗೆಮನೆಯಲ್ಲಿ ಪಾತ್ರೆಯ ಮುಚ್ಚಳಗಳು ಅದುರುತ್ತವೆ. ಒಂದು ವಾರದಿಂದ ಅವು ಅದುರುವ ರೀತಿ ಬದಲಾಗಿತ್ತು. ಎಂಜಿನ್ ಜೋರಾದಾಗ ಗಲಗಲ, ಕುಗ್ಗಿದಾಗ ಸುಮ್ಮನೆ. ಮತ್ತೆ ಗಲಗಲ, ಮತ್ತೆ ಸುಮ್ಮನೆ. ಜ್ವರ ಬಂದವರು ಏದುಸಿರು ಬಿಟ್ಟ ಹಾಗೆ.

ಮನೆಯಾಕೆಗೆ ಆ ಸದ್ದು ಕೇಳಿದರೆ ಕೈಯಲ್ಲಿದ್ದ ಕೆಲಸ ನಿಲ್ಲುತ್ತಿತ್ತು. ಟ್ರ್ಯಾಕ್ಟರ್ ಮಾವನ ಕಾಲದ್ದು, ಪೆಟ್ರೋಲಿನದು. ಉಳುವ ಕೆಲಸ ಬಿಟ್ಟು ಎಷ್ಟೋ ಕಾಲವಾಗಿ, ಈಗ ಅಂಗಳದಲ್ಲಿ ನಿಂತು ಉದ್ದನೆಯ ಬೆಲ್ಟಿನಿಂದ ಗರಗಸ ತಿರುಗಿಸುತ್ತದೆ. ಎಲ್ಲರೂ ಅದನ್ನು 'ಅಜ್ಜ' ಎಂದೇ ಕರೆಯುತ್ತಾರೆ. ಗಂಡ ಅಜ್ಜನ ಪಕ್ಕ ನಿಲ್ಲುತ್ತಾನೆ. ಮೈದುನ ಗರಗಸದ ಮುಂದೆ ನಿಂತು ದಿಮ್ಮಿ ನೂಕುತ್ತಾನೆ. ಸದ್ದು ಏರಿಳಿದಾಗಲೆಲ್ಲ ಅವಳಿಗೆ ಕಾಣುತ್ತಿದ್ದದ್ದು ಆ ಹುಡುಗನ ಎರಡು ಕೈಗಳು.

"ರೀ, ಆ ಗವರ್ನರ್ ಒಂದ್ಸಲ ತೋರಿಸಬಾರದಾ?" ಎಂದು ಅವಳು ಕೇಳಿದಳು.

"ಅಜ್ಜನಿಗೆ ವಯಸ್ಸಾಯ್ತು ಕಣೇ. ಏದುಸಿರು ಬರದೆ ಇನ್ನೇನು ಬರುತ್ತೆ?"

"ಕ್ಲಾಸಲ್ಲಿ ಪಾನಕ್ಕ ಹೇಳಿದ್ರು, ಸದ್ದು ಹೀಗೆ ಏರಿಳಿದ್ರೆ..."

"ಬಂತಪ್ಪಾ ಕ್ಲಾಸು!" ಎಂದು ಗಂಡ ತಮ್ಮನ ಕಡೆ ತಿರುಗಿದ. "ನಾಲ್ಕು ಸಂಜೆ ಹೋಗಿ ಬಂದಿದಾಳೆ ನಿಮ್ಮತ್ತಿಗೆ. ಇನ್ಮೇಲೆ ಇಂಜಿನಿಯರಮ್ಮ ಅನ್ನು."

"ಅನ್ನೋಕೇನು, ಅಂತೀನಿ. ಆದ್ರೆ ಊಟ ಹಾಕೋರು ಯಾರು ಅಂತ ಯೋಚನೆ ಮಾಡ್ತಿದೀನಿ," ಎಂದ ಮೈದುನ. ಮೂವರೂ ನಕ್ಕರು. ಮಾತು ಅಲ್ಲಿಗೇ ನಿಂತಿತು.

ಪಾನಕ್ಕ ಎಂದರೆ ಪಂಪು, ಎಂಜಿನ್ ರಿಪೇರಿ ಮಾಡುವ ಹೆಂಗಸು. ಸೊಂಟದಲ್ಲಿ ಸದಾ ಬೋಲ್ಟು ಬಿಚ್ಚುವ ಒಂದು ಪಾನಾ ಸಿಕ್ಕಿಸಿಕೊಂಡಿರುವುದರಿಂದ ಆ ಹೆಸರು. ವಾರಕ್ಕೆರಡು ಸಂಜೆ ಶಾಲೆಯ ಕೋಣೆಯಲ್ಲಿ ಹೆಂಗಸರಿಗೆ ಎಂಜಿನ್ ಪಾಠ ಹೇಳುತ್ತಾಳೆ. ಗವರ್ನರ್ ಎಂದರೇನು ಎಂದು ಅವಳು ಹೇಳಿಕೊಟ್ಟ ರೀತಿ ಮನೆಯಾಕೆಗೆ ಮರೆತಿರಲಿಲ್ಲ: "ಒಲೆ ಮೇಲೆ ಹಾಲಿಟ್ಟಿದೀರಿ. ಉಕ್ಕಿ ಬಂದ್ರೆ ಉರಿ ತಗ್ಗಿಸ್ತೀರಿ, ಕುದಿ ಕಮ್ಮಿ ಆದ್ರೆ ಏರಿಸ್ತೀರಿ. ಎಂಜಿನ್ನಿಗೆ ಆ ಕೆಲಸ ಮಾಡೋ ಕೈಯೇ ಗವರ್ನರ್. ಕೆಲಸದ ಹೊರೆ ಬಿದ್ರೆ ಪೆಟ್ರೋಲು-ಗಾಳಿ ಜಾಸ್ತಿ ಬಿಡುತ್ತೆ, ಹೊರೆ ಇಳಿದ್ರೆ ತಡೆಯುತ್ತೆ."

ಮರುದಿನ ಮಧ್ಯಾಹ್ನ ಮುಚ್ಚಳಗಳು ಒಂದೇ ಸಮನೆ ಅದುರಿದವು. ಏರಿಳಿತವೇ ಇಲ್ಲ. ಅವಳಿಗೆ ಜೀವ ಬಂದಂತಾಯಿತು. ಅಷ್ಟರಲ್ಲಿ ಸದ್ದು ಇದ್ದಕ್ಕಿದ್ದಂತೆ ಕಿರುಚುವಷ್ಟು ಏರಿತು. ಒಂದು ಮುಚ್ಚಳ ಜಾರಿ ನೆಲಕ್ಕೆ ಬಿತ್ತು. ಆಮೇಲೆ ಎಂಜಿನ್ ಕೆಮ್ಮಿ ನಿಂತಿತು.

ಬಟ್ಟೆ ಒಣಹಾಕುವ ನೆಪದಲ್ಲಿ ಅವಳು ಹೊರಗೆ ಬಂದಳು. ಒಣಹಾಕುವ ತಂತಿಯ ತುದಿ ಒಂದು ಗೇಣಿನಷ್ಟು ಕತ್ತರಿಸಿ ಹೋಗಿತ್ತು. ಆ ತುಂಡು ಅಜ್ಜನ ಹೊಟ್ಟೆಯ ಬಳಿ ಮಿನುಗುತ್ತಿತ್ತು. ಗವರ್ನರಿನಿಂದ, ಪೆಟ್ರೋಲು-ಗಾಳಿ ಬೆರೆಸುವ ಕಾರ್ಬ್ಯುರೇಟರಿಗೆ ಹೋಗುವ ರಾಡನ್ನು ಬಿಗಿಯಾಗಿ ಎಳೆದು ಪಕ್ಕದ ಬೋಲ್ಟಿಗೆ ಕಟ್ಟಲಾಗಿತ್ತು.

"ರೀ, ಇದೇನಿದು?"

"ಔಷಧಿ!" ಎಂದ ಗಂಡ ಹೆಮ್ಮೆಯಿಂದ. "ನೋಡು, ದಿಮ್ಮಿ ಕೊಯ್ಯೋವಾಗ ಈಗ ಒಂಚೂರೂ ಕುಗ್ಗಲ್ಲ."

"ದಿಮ್ಮಿ ಮುಗಿದ ಮೇಲೆ ಕಿರುಚ್ತಲ್ಲ?"

"ಮುಗಿಯೋ ಹೊತ್ತಿಗೆ ಟ್ಯಾಂಕಿನ ಕೆಳಗಿನ ಪೆಟ್ರೋಲ್ ಕಾಕ್ ಮುಚ್ಚಿದ್ರಾಯ್ತು. ಈ ಸಲ ಒಂಚೂರು ತಡ ಆಯ್ತು, ಅಷ್ಟೆ. ಅಪ್ಪನೂ ಇಲ್ಲೇ ತಂತಿ ಕಟ್ಟಿರ್ತಿದ್ರು. ಚಿಕ್ಕವನಿದ್ದಾಗ ನನ್ನ ಕಣ್ಣಾರೆ ನೋಡಿದೀನಿ."

ಮಾವನ ಹೆಸರೆತ್ತಿದ ಮೇಲೆ ಅವಳು ಬಟ್ಟೆಯ ಬುಟ್ಟಿ ಎತ್ತಿಕೊಂಡಳು. ಒಳಗೆ ಹೋಗಿ ನೋಟುಪುಸ್ತಕ ತೆರೆದಳು. 'ಗವರ್ನರ್ ರಾಡಿಗೆ ಏನನ್ನೂ ಕಟ್ಟಬಾರದು' ಎಂದು ತನ್ನದೇ ಅಕ್ಷರದಲ್ಲಿ ಇತ್ತು. ತಾನು ಸರಿಯಾಗಿ ಕೇಳಿಸಿಕೊಂಡು ಬರೆದೆನೋ ಇಲ್ಲವೋ? ಇಂಥ ಹಳೆಯ ಟ್ರ್ಯಾಕ್ಟರಿಗೂ ಈ ಮಾತು ಸಲ್ಲುತ್ತದೋ ಇಲ್ಲವೋ? ತಪ್ಪು ಹೇಳಿ ಮತ್ತೆ ನಗೆಪಾಟಲಾದರೆ? ಐದು ನಿಮಿಷ ಹಾಗೇ ನಿಂತಳು. ಕೊನೆಗೆ ಪಾನಕ್ಕನಿಗೆ ಫೋನ್ ಮಾಡಿದಳು.

"ತಂತೀನಾ?" ಆ ಕಡೆಯ ದನಿ ಗಟ್ಟಿಯಾಯಿತು. "ಈಗಲೇ ಹೊರಡ್ತೀನಿ. ಅಲ್ಲಿವರೆಗೆ ಗಾಡಿ ಶುರು ಮಾಡಬೇಡಿ ಅನ್ನು. ಕೇಳಿಸ್ತಾ?"

ಕೇಳಿಸಿತು. ಆದರೆ ಅಷ್ಟರಲ್ಲಿ ಹೊರಗೆ ಎಂಜಿನ್ ಗುಡುಗಿತು.

ಅವಳು ಓಡಿದಳು. ಮೈದುನ ಆಗಲೇ ದಪ್ಪ ದಿಮ್ಮಿಯನ್ನು ಗರಗಸಕ್ಕೆ ಕೊಟ್ಟಿದ್ದ. ಅವಳು ಕೂಗಿದ್ದು ಯಾರಿಗೂ ಕೇಳಲಿಲ್ಲ. ದಿಮ್ಮಿ ಇನ್ನೂ ಅರ್ಧದಲ್ಲಿರುವಾಗಲೇ ಬೆಲ್ಟು ಜಾರಿತು. ಹಾವಿನ ಹಾಗೆ ಮೇಲೆದ್ದು ಮೈದುನನ ಭುಜದ ಪಕ್ಕದಲ್ಲೇ ಬೀಸಿ ಹೋಗಿ, ಗೋಡೆಗೆ ಬಡಿದು ಬಿತ್ತು. ಅವನು ನೆಲಕ್ಕುರುಳಿದ.

ಹೊರೆ ಕಳಚಿದ ಎಂಜಿನ್ ಹುಚ್ಚು ಹಿಡಿದಂತೆ ಏರತೊಡಗಿತು. ಗಂಡ ಎಂದಿನಂತೆ ವೇಗದ ಹಿಡಿಯನ್ನು ಪೂರ್ತಿ ಇಳಿಸಿದ. ಅಜ್ಜನನ್ನು ಅವರು ನಿಲ್ಲಿಸುತ್ತಿದ್ದದ್ದೇ ಹಾಗೆ, ಆಫ್ ಮಾಡುವ ಸ್ವಿಚ್ಚು ಕೆಟ್ಟು ವರ್ಷವಾಗಿತ್ತು. ಆದರೆ ರಾಡನ್ನು ತಂತಿ ಹಿಡಿದಿತ್ತು, ಹಿಡಿ ಇಳಿದರೂ ವೇಗ ಇಳಿಯಲಿಲ್ಲ. ಕಾಕ್ ಮುಚ್ಚಿದ. ಕಾರ್ಬ್ಯುರೇಟರಿನಲ್ಲಿ ಉಳಿದ ಪೆಟ್ರೋಲು ತೀರುವವರೆಗೆ ಅದೂ ಪ್ರಯೋಜನವಿಲ್ಲ. ಅವನು ತಂತಿ ಬಿಚ್ಚಲು ಎಂಜಿನ್ನಿನೊಳಗೆ ಕೈ ಚಾಚಿದ.

"ಕೈ ಹಾಕಬೇಡಿ!"

ಗಾಳಿ ಸಿಗದಿದ್ದರೆ ಎಂಜಿನ್ ನಿಲ್ಲುತ್ತದೆ ಎಂದು ಅವಳು ಕ್ಲಾಸಿನಲ್ಲಿ ಕೇಳಿದ್ದಳು. ಅವಳ ಕೈಗೆ ಸಿಕ್ಕಿದ್ದು ಅಂದೇ ಕೊಯ್ದ ಒಂದು ಹಲಗೆ ತುಂಡು. ಅಜ್ಜನ ಗಾಳಿಕೊಳವೆಯ ಬಾಯಿ ಪಕ್ಕದಲ್ಲಿ, ಎದೆಯ ಮಟ್ಟಕ್ಕಿತ್ತು. ತಿರುಗುವ ಚಕ್ರದಿಂದ ದೂರವಾದ ಬದಿಯಲ್ಲಿ ನಿಂತು ಹಲಗೆಯನ್ನು ಆ ಬಾಯಿಗೆ ಒತ್ತಿ ಹಿಡಿದಳು. ಹಲಗೆಯನ್ನು ಯಾರೋ ಒಳಗಿನಿಂದ ಎಳೆದುಕೊಂಡಂತಾಯಿತು. ಎಂಜಿನ್ ಎರಡು ಸಲ ಬಿಕ್ಕಿ, ಕಪ್ಪು ಹೊಗೆ ಉಗುಳಿ, ನಿಂತಿತು.

ಮೈದುನ ಎದ್ದು ಕೂತು ಹತ್ತೂ ಬೆರಳುಗಳನ್ನು ಒಂದೊಂದಾಗಿ ಮಡಿಸಿ ನೋಡಿಕೊಂಡ.

ಪಾನಕ್ಕ ಬಂದವಳೇ ತಂತಿ ಕಟ್ಟಿದ ಜಾಗ ನೋಡಿದಳು.

"ಏನ್ ಯಜಮಾನ್ರೇ, ಒಲೆ ಮುಂದೆ ಕೂತೋಳ ಕೈ ಕಟ್ಟಿಹಾಕಿ, ಹಾಲು ಯಾಕೆ ಉಕ್ಕಿತು ಅಂತ ಕೇಳ್ತೀರಲ್ಲ?"

"ಅಪ್ಪನೂ ಕಟ್ತಿದ್ರು ಅಕ್ಕಾ..."

"ಕಟ್ತಿದ್ರು. ನನಗೂ ಗೊತ್ತು, ನಾನೇ ಬೇರೆ ಪಿನ್ನು ತರಿಸಿಕೊಳ್ಳಿ ಅಂತ ಬೈದಿದ್ದೆ. ರಾಡಿನ ತುದಿಯ ಪಿನ್ನು ಸವೆದು ಕಳಚಿ ಬೀಳ್ತಿತ್ತು. ಬೀಳದೆ ಇರಲಿ ಅಂತ ಆ ಕೀಲಿಗೆ ತಂತಿ ಸುತ್ತಿದ್ರು. ರಾಡು ಆಡ್ತಾನೇ ಇತ್ತು. ನಿಮ್ಮ ಕಣ್ಣಿಗೆ ತಂತಿ ಬಿತ್ತು, ಎಲ್ಲಿ ಕಟ್ಟಿದ್ರು ಅನ್ನೋದು ಬೀಳಲಿಲ್ಲ."

ಪಾನಕ್ಕ ಸ್ಪಾರ್ಕ್ ಪ್ಲಗ್ಗಿನ ವೈರುಗಳನ್ನು ಕಿತ್ತು ಪಕ್ಕಕ್ಕಿಟ್ಟಳು, ಎಂಜಿನ್ ತಪ್ಪಿಯೂ ಶುರುವಾಗಬಾರದು ಎಂದು. ಅದು ಪೂರ್ತಿ ತಣ್ಣಗಾಗುವವರೆಗೆ ಯಾರಿಗೂ ಮುಟ್ಟಲು ಬಿಡಲಿಲ್ಲ. ಆಮೇಲೆ ತಂತಿ ಕತ್ತರಿಸಿ, ರಾಡು ಬಿಚ್ಚಿ, ಅದು ಸೇರುವ ಕಾರ್ಬ್ಯುರೇಟರಿನ ಸಣ್ಣ ಕೈಯನ್ನು ಬೆರಳಿನಿಂದ ಆಡಿಸಿದಳು. ಅದು ನಡುವಲ್ಲಿ ಸಿಕ್ಕಿಕೊಂಡಿತು.

"ನೋಡಿ ನಿಮ್ಮ ಅಜ್ಜನ ಏದುಸಿರು! ಮರದ ಪುಡಿ, ಎಣ್ಣೆ ಸೇರಿ ಅಂಟಾಗಿದೆ. ಗವರ್ನರ್ ಎಳೆಯುತ್ತೆ, ಇದು ಬರಲ್ಲ. ಆಮೇಲೆ ತಟ್ಟನೆ ಬಂದುಬಿಡುತ್ತೆ. ಅದಕ್ಕೇ ಏರಿಳಿತ. ಬೇಕಿದ್ದದ್ದು ಒಂದು ಹಳೇ ಬ್ರಷ್ಷು, ನಾಲ್ಕು ಹನಿ ಎಣ್ಣೆ."

ಕೀಲುಗಳನ್ನು ತೊಳೆದು ಎಣ್ಣೆ ಬಿಟ್ಟರು. ಸವೆದ ಪಿನ್ನಿನ ಬದಲು ಹೊಸದು ಹಾಕಿದರು. ನಂತರ ರಾಡಿನ ಉದ್ದ. ಪಾನಕ್ಕ ವೇಗದ ಹಿಡಿಯನ್ನು ಪೂರ್ತಿ ಏರಿಸಿ, ಕಾರ್ಬ್ಯುರೇಟರಿನಲ್ಲಿ ಗಾಳಿ ಬಿಡುವ ತಟ್ಟೆಯನ್ನು ಪೂರ್ತಿ ತೆರೆದು ಹಿಡಿದಳು.

"ಈಗ ಪಿನ್ನು ತಾನಾಗಿ ತೂತಿಗೆ ಇಳೀಬೇಕು. ಒತ್ತಬೇಕಾದ್ರೆ ಉದ್ದ ಸರಿಯಿಲ್ಲ. ರಾಡಿನ ತುದಿಯನ್ನ ಅರ್ಧರ್ಧ ಸುತ್ತು ತಿರುಗಿಸಿ ನೋಡು. ನೀನೇ ಹಾಕು."

"ನಾನಾ? ನನ್ನಿಂದ ತಪ್ಪಾದ್ರೆ?" ಎಂದಳು ಮನೆಯಾಕೆ.

"ಹಾಕಿ ಅತ್ತಿಗೆ," ಎಂದ ಮೈದುನ. "ನೀವು ಹಾಕಿದ್ರೇನೇ ನಾನು ಗರಗಸದ ಮುಂದೆ ನಿಲ್ಲೋದು."

ಮೂರನೆಯ ಸಲಕ್ಕೆ ಪಿನ್ನು ಸದ್ದಿಲ್ಲದೆ ಇಳಿಯಿತು.

ಸ್ವಿಚ್ಚು ರಿಪೇರಿಯಾದ ಮೇಲೆಯೇ, ಬೆಲ್ಟಿಲ್ಲದೆ, ಎಂಜಿನ್ ಶುರು ಮಾಡಿದರು. ಪಾನಕ್ಕ ವೇಗ ಅಳೆಯುವ ಮೀಟರು ಹಿಡಿದು, ಅಜ್ಜನ ಮೈಮೇಲಿನ ಹಳೆಯ ತಗಡಿನಲ್ಲಿ ಬರೆದ ಅಂಕಿಯನ್ನು ಮೀರುತ್ತಿಲ್ಲವೆಂದು ನೋಡಿದಳು. "ಮೀರಿದ್ದಿದ್ರೆ ವೇಗಕ್ಕೆ ಮಿತಿ ಹಾಕೋ ತಡೆ ಸ್ಕ್ರೂ ಸರಿಮಾಡಬೇಕಿತ್ತು. ಅದನ್ನ ಮೀಟರಿಲ್ಲದೆ ಯಾರೂ ಮುಟ್ಟಬಾರದು," ಎಂದಳು.

ಗಂಡ ಕೇಳಿದ, "ಆಗ ಕೈಗೆ ಹಲಗೆ ಸಿಗದಿದ್ರೆ?"

"ದೂರ ಓಡಬೇಕಿತ್ತು," ಎಂದಳು ಪಾನಕ್ಕ. "ಟ್ರ್ಯಾಕ್ಟರ್ ಹೋದ್ರೆ ಹೋಗಲಿ. ಕೊಳವೆಗೆ ಅಂಗೈ ಮಾತ್ರ ಒತ್ತಬೇಡಿ, ಬಟ್ಟೆಯನ್ನೂ ತುರುಕಬೇಡಿ."

ಗಂಡ ಹೆಂಡತಿಯ ಕಡೆ ನೋಡಿದ. "ಮುಂದಿನ ಕ್ಲಾಸು ಯಾವತ್ತು ಕಣೇ? ಗಂಡಸರನ್ನ ಸೇರಿಸ್ಕೋತಾರಾ?"

"ಹಿಂದಿನ ಬೆಂಚಲ್ಲಿ," ಎಂದಳು ಪಾನಕ್ಕ.

ಮನೆಯಾಕೆ ಒಳಗೆ ಹೋದಳು. ಹೊರಗೆ ಗರಗಸ ತಿರುಗುತ್ತಿತ್ತು. ಮುಚ್ಚಳಗಳು ಒಂದೇ ಸಮನೆ, ಮೆಲ್ಲಗೆ ಅದುರುತ್ತಿದ್ದವು. ದಿಮ್ಮಿ ಮುಗಿಯುವ ಹೊತ್ತಿಗೆ ಅವಳು ಉಸಿರು ಬಿಗಿಹಿಡಿದಳು. ಸದ್ದು ಏರಲಿಲ್ಲ. ಮುಂದಿನ ದಿಮ್ಮಿಗೂ ಉಸಿರು ಬಿಗಿಹಿಡಿದಳು.

ಇದನ್ನು ಓದುತ್ತಿರುವವರೇ, ನಿಮ್ಮ ಮನೆಯಲ್ಲೂ ಹಳೆಯ ಟ್ರ್ಯಾಕ್ಟರ್ ಇದ್ದರೆ ಈಗಲೇ ಹೋಗಿ ಅದರ ಗವರ್ನರ್ ರಾಡನ್ನು ನೋಡಿ. ಎಂಜಿನ್ ನಿಂತಿರಲಿ, ತಣ್ಣಗಿರಲಿ. ರಾಡಿಗೆ ತಂತಿ, ದಾರ, ರಬ್ಬರು ಏನೇ ಕಟ್ಟಿದ್ದರೂ ಬಿಚ್ಚಿ, ಪಿನ್ನು ಸವೆದಿದ್ದರೆ ಹೊಸದು ಹಾಕಿಸಿ. ಆಫ್ ಸ್ವಿಚ್ಚು ಕೆಟ್ಟಿದ್ದರೆ ಅದು ಸರಿಯಾಗುವವರೆಗೆ ಗಾಡಿ ಶುರು ಮಾಡಬೇಡಿ. ಸದ್ದು ಏರಿಳಿಯುತ್ತಿದ್ದರೆ ತಿಳಿದವರನ್ನು ಕರೆಯಿರಿ. ನಿಮ್ಮ ಮಾತು ಸರಿಯೋ ತಪ್ಪೋ ಎಂಬ ಅನುಮಾನ ನಿಮಗಿದ್ದರೂ ಬಾಯಿಬಿಟ್ಟು ಹೇಳಿ. ತಪ್ಪಾದರೆ ಮನೆಯವರು ಒಂದು ದಿನ ನಗುತ್ತಾರೆ, ಅಷ್ಟೇ. ನಗಲು ಎಲ್ಲರೂ ಇರುತ್ತಾರೆ.