ಮೀನಿನ ನೀರಿನಲ್ಲಿ ಅಪ್ಪನ ಕೈ

ಅಪ್ಪನ ಬಲಗೈ ಮಣಿಕಟ್ಟಿನವರೆಗೆ ಮೀನಿನ ನೀರಿನಲ್ಲಿ ಮುಳುಗಿತ್ತು. ಗಾಜಿನ ಈಚೆಯಿಂದ ನೋಡುತ್ತಿದ್ದ ನನಗೆ ಅದು ಇದ್ದುದಕ್ಕಿಂತ ಎರಡು ಪಟ್ಟು ದೊಡ್ಡದಾಗಿ ಕಾಣುತ್ತಿತ್ತು. ಐದು ಗೋಲ್ಡ್ ಫಿಶ್‌ಗಳು ಆ ಕೈಗೆ ಹೆದರಿ ಮೂಲೆ ಸೇರಿದ್ದವು. ಅಪ್ಪ ಕಣ್ಣು ಮುಚ್ಚಿಕೊಂಡು, ನಾಡಿ ನೋಡುವ ಪಂಡಿತರ ಗಾಂಭೀರ್ಯದಲ್ಲಿ ಸ್ವಲ್ಪ ಹೊತ್ತು ನಿಂತು, "ಇನ್ನೂ ಬೆಚ್ಚಗೇ ಇದೆ" ಎಂದ. ಇಷ್ಟು ವರ್ಷಗಳಾದ ಮೇಲೂ ಆ ಬೇಸಿಗೆಯನ್ನು ನೆನೆದರೆ ನನಗೆ ಮೊದಲು ಕಾಣುವುದು ಆ ಕೈಯೇ.

ಅಪ್ಪ ಐಸ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಿದ್ದ. ಉದ್ದುದ್ದ ತಗಡಿನ ಡಬ್ಬಗಳಿಗೆ ನೀರು ತುಂಬಿ, ಕೊರೆಯುವ ಉಪ್ಪುನೀರಿನ ತೊಟ್ಟಿಯಲ್ಲಿ ಇಳಿಬಿಟ್ಟರೆ ಮಾರನೆಯ ದಿನಕ್ಕೆ ಐಸ್ ಕಟ್ಟುತ್ತಿತ್ತು. ತೊಟ್ಟಿಗೆ ಕೈಹಾಕಿದ ಕೂಡಲೇ ಅದರ ತಂಪು ಸಾಕೋ ಸಾಲದೋ ಎಂದು ಹೇಳಬಲ್ಲವನೆಂದು ಅಪ್ಪನಿಗೆ ಹೆಸರಿತ್ತು. ಫ್ಯಾಕ್ಟರಿಯಲ್ಲಿ ಏನೇ ಅನುಮಾನ ಬಂದರೂ "ಮರುಳಯ್ಯನ ಕೈ ಕರೀರಿ" ಎನ್ನುತ್ತಿದ್ದರಂತೆ. ಮನೆಯಲ್ಲೂ ಆ ಕೈಗೆ ಮರ್ಯಾದೆಯಿತ್ತು. ಒಲೆಯಿಂದ ಆಗಷ್ಟೇ ಇಳಿಸಿದ ಕಾಫಿಯ ಲೋಟವನ್ನು ಅಪ್ಪ ಬಟ್ಟೆಯಿಲ್ಲದೆ ಹಿಡಿದು ಕುಡಿಯುತ್ತಿದ್ದ. ಬಂದವರಿಗೆಲ್ಲ ಅವ್ವ ಅದನ್ನು ತೋರಿಸಿ, "ನಮ್ಮನೆಯವರ ಕೈ ಕಬ್ಬಿಣದ್ದು" ಎಂದು ಕೊಚ್ಚಿಕೊಳ್ಳುತ್ತಿದ್ದಳು.

ನನ್ನ ಹೆಮ್ಮೆ ಬೇರೆಯದು. ಆಗ ನನಗೆ ಹನ್ನೆರಡು ವರ್ಷ. ಒಂದೆರಡು ವರ್ಷದಿಂದ ದಿನಾ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಅಪ್ಪ ನನ್ನೆದುರು ಬಗ್ಗಿ ನಿಂತು, "ಗುಂಡಿ ಹಾಕು ಮಗಳೇ" ಎನ್ನುತ್ತಿದ್ದ. ಅವನ ಅಂಗಿಯ ಐದು ಗುಂಡಿಗಳನ್ನು ಹಾಕುವ ಹಕ್ಕು ನನ್ನದೊಬ್ಬಳದೇ ಆಗಿತ್ತು. ಇಷ್ಟು ಮುದ್ದು ಮಾಡುವ ಅಪ್ಪ ನನ್ನ ಗೆಳತಿಯರಲ್ಲಿ ಯಾರಿಗೂ ಇರಲಿಲ್ಲ.

ಮೀನುಗಳು ಪಕ್ಕದ ಮನೆಯ ಗಿರಿಜಾಂಬ ಟೀಚರದು. ಒಂಟಿ ಹೆಂಗಸು, ಮಾತು ಕಡಿಮೆ. ಆದರೆ ಬೆಳಿಗ್ಗೆ ಎದ್ದರೆ ಅಕ್ವೇರಿಯಂ ಮುಂದೆ ನಿಂತು ಐದು ಮೀನುಗಳ ಹೆಸರು ಹಿಡಿದು ಹಾಜರಿ ಕೂಗುತ್ತಿದ್ದರು. ಗೋಡೆಯ ಈಚೆ ಹಲ್ಲುಜ್ಜುತ್ತ ನಾನು "ಹಾಜರ್ ಟೀಚರ್" ಎಂದರೆ ಅವರ ನಗು ಕೇಳಿಸುತ್ತಿತ್ತು. ಆ ಬೇಸಿಗೆ ತಂಗಿಯ ಬಾಣಂತನಕ್ಕೆಂದು ಅವರು ಒಂದು ತಿಂಗಳು ಬೇರೆ ಊರಿಗೆ ಹೋಗಬೇಕಾಯಿತು. ಅಕ್ವೇರಿಯಂ ನಮ್ಮ ನಡುಮನೆಗೆ ಬಂತು.

ಹೊರಡುವಾಗ ಟೀಚರ್ ಒಂದು ಚೀಟಿ ಕೊಟ್ಟರು. ಗಾಜಿನ ಪೆಟ್ಟಿಗೆಯನ್ನು ಕಿಟಕಿಯ ಬಿಸಿಲಿನಿಂದ ದೂರ ಇಡಬೇಕು. ಸೆಕೆ ಜಾಸ್ತಿಯಾದರೆ ಮುಚ್ಚಳ ತೆಗೆದು ನೀರಿನ ಮೇಲೆ ಗಾಳಿ ಆಡುವಂತೆ ಟೇಬಲ್ ಫ್ಯಾನ್ ಹಾಕಬೇಕು. ಗಾಜಿನ ಸುತ್ತ ಒದ್ದೆ ಬಟ್ಟೆ ಸುತ್ತಬೇಕು. ಬೆಳಿಗ್ಗೆ ಸಂಜೆ ಒಂದು ಚೊಂಬು ನೀರು ತೆಗೆದು, ಮಡಕೆಯಲ್ಲಿ ಹಿಂದಿನ ದಿನವೇ ತುಂಬಿಟ್ಟ ಒಂದು ಚೊಂಬು ನೀರು ಹಾಕಬೇಕು. ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದರು: "ಏನು ಮಾಡಿದರೂ ನಿಧಾನವಾಗಿ. ನೀರು ಒಮ್ಮೆಲೇ ತಣ್ಣಗಾದರೆ ಮೀನು ತಡೆಯುವುದಿಲ್ಲ."

ನಾನು ಗಟ್ಟಿಯಾಗಿ ಓದಿ ಹೇಳಿದಾಗ ಅಪ್ಪ ಬಿದ್ದು ಬಿದ್ದು ನಕ್ಕ. "ಇಪ್ಪತ್ತು ವರ್ಷ ಐಸಿನ ಜೊತೆ ಸಂಸಾರ ಮಾಡಿದೋನಿಗೆ ತಣ್ಣಗೆ ಮಾಡೋದು ಕಲಿಸ್ತಾರಲ್ಲಪ್ಪ ನಿಮ್ಮ ಟೀಚರು!" ಎಂದು ಚೀಟಿಯನ್ನು ಮೀನಿನ ತಿಂಡಿಯ ಡಬ್ಬಿಯ ಅಡಿಗೆ ತಳ್ಳಿದ.

ಎರಡನೆಯ ವಾರ ಸೆಕೆ ಹೇಳತೀರದಷ್ಟಾಯಿತು. ಕುಡಿಯುವ ನೀರಿನ ಕೊಡವೇ ಬೆಚ್ಚಗಾಗುತ್ತಿತ್ತು. ಒಂದು ಮಧ್ಯಾಹ್ನ ನೋಡಿದರೆ ಐದೂ ಮೀನುಗಳು ನೀರಿನ ಮೇಲೆ ಬಾಯಿ ತೆರೆದು ತೇಕುತ್ತಿವೆ. ನನಗೆ ಅಳು ಬಂತು. ಹೊತ್ತಿಗೆ ಸರಿಯಾಗಿ ಪಾಳಿ ಮುಗಿಸಿ ಬಂದ ಅಪ್ಪ, ಬಂದ ಕಾಲಲ್ಲೇ ಫ್ಯಾಕ್ಟರಿಗೆ ಮರಳಿ ಗೋಣಿಚೀಲದಲ್ಲಿ ಹೊಟ್ಟು ಸುತ್ತಿದ ಐಸ್ ತಂದ. ತೊಳೆದು ಒಂದು ತುಂಡನ್ನು ನೀರಿಗೆ ಬಿಟ್ಟ. ಸ್ವಲ್ಪ ಹೊತ್ತಿಗೆ ಕೈ ಇಳಿಸಿ ನೋಡಿ, "ಇನ್ನೂ ಬೆಚ್ಚಗೇ ಇದೆ" ಎಂದ. ಮತ್ತೊಂದು ತುಂಡು ಬಿತ್ತು. ಮತ್ತೆ ಕೈ ಇಳಿಯಿತು, ಮತ್ತೆ ಅದೇ ಮಾತು. ನಾಲ್ಕನೆಯ ತುಂಡಿಗೆ ಮೀನುಗಳು ಮೇಲಿನಿಂದ ಇಳಿದವು. ನಾನು ಚಪ್ಪಾಳೆ ತಟ್ಟಿದೆ.

ಆದರೆ ಅವು ಇಳಿಯುತ್ತಲೇ ಇದ್ದವು. ಕಪ್ಪು ಬಾಲದ ಕಸ್ತೂರಿ ತಳದ ಕಲ್ಲುಗಳ ಮೇಲೆ ಓರೆಯಾಗಿ ಮಲಗಿತು. ಗಾಬರಿಯಿಂದ ನೀರಿಗೆ ಕೈಹಾಕಿದವಳು ಕಿರುಚಿ ಹಿಂದೆಗೆದೆ.

"ಅಪ್ಪಾ, ಕೊರೀತಿದೆ! ಕೈ ಇಡೋಕಾಗಲ್ಲ!"

"ಏನು ಹೇಳ್ತಿದ್ದೀಯಾ? ಬೆಚ್ಚಗಿದೆಯಲ್ಲ..." ಎಂದ ಅಪ್ಪ. ಅವನ ಕೈ ಇನ್ನೂ ನೀರಿನಲ್ಲೇ ಇತ್ತು. ನನ್ನ ಮುಖ ನೋಡಿದ, ತನ್ನ ಕೈ ನೋಡಿದ. ಅಪ್ಪ ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಐಸ್ ತುಂಡುಗಳನ್ನು ಬಾಚಿ ಹೊರಗೆ ಹಾಕಿದ್ದು ನಾನು. ಅಪ್ಪ ಕಂಬಕ್ಕೆ ಒರಗಿ ನೆಲದ ಮೇಲೆ ಕುಳಿತುಬಿಟ್ಟ. "ಎರಡು ವರ್ಷ ಆಯ್ತು" ಎಂದ. "ಮೊದಲು ಬೆರಳ ತುದಿ ಜೋಮು ಹಿಡೀತಿತ್ತು. ಆಮೇಲೆ ಬಿಸೀನೂ ಗೊತ್ತಾಗಲ್ಲ, ತಣ್ಣಗೂ ಗೊತ್ತಾಗಲ್ಲ. ಪೂರ್ತಿ ಹೋಗಿಲ್ಲ ಅಂತ ನನಗೆ ನಾನೇ ಹೇಳ್ಕೊಂಡಿದ್ದೆ."

"ಮತ್ತೆ ಫ್ಯಾಕ್ಟರೀಲಿ?"

"ತೋರಿಕೆಗೆ ಕೈ ಹಾಕ್ತೀನಿ. ಆದ್ರೆ ಡಬ್ಬ ತಟ್ಟಿ ಸದ್ದು ಕೇಳ್ತೀನಿ. ಕಟ್ಟಿದ್ದಕ್ಕೆ ಒಂದು ಸದ್ದು, ಕಟ್ಟದೇ ಇದ್ದಿದ್ದಕ್ಕೆ ಒಂದು. ಕೈ ಹೋಗಿದೆ ಅಂತ ಗೊತ್ತಾದ್ರೆ ಸಾಹುಕಾರ್ರು ನಾಳೆಯಿಂದ ಬರಬೇಡ ಅಂತಾರೆ. ನಿಮ್ಮವ್ವಂಗೆ ಹೇಳಬೇಡ."

ಅವ್ವ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು. ಕಾಫಿಯ ಲೋಟ ಅವಳ ನೆನಪಿಗೆ ಬಂದಿರಬೇಕು, ನನ್ನ ನೆನಪಿಗೆ ಬಂದದ್ದು ಅಂಗಿಯ ಗುಂಡಿಗಳು. ಅದು ಮುದ್ದಿನಿಂದ ಮಾಡಿಸಿದ್ದಾಗಿರಲಿಲ್ಲ. ಆ ಗುಂಡಿಗಳು ಅಪ್ಪನ ಬೆರಳಿಗೆ ಸಿಗುತ್ತಿರಲಿಲ್ಲ, ಅಷ್ಟೇ. ನನಗೆ ಅವನ ಮೇಲೆ ಸಿಟ್ಟು ಬಂತು, ಮರುಕ್ಷಣವೇ ಆ ಸಿಟ್ಟಿಗಾಗಿ ನಾಚಿಕೆಯಾಯಿತು.

"ಸುಡ್ತಿತ್ತೇನೋ, ನಾನು ಊರಿಗೆಲ್ಲ ಹೇಳ್ಕೊಂಡು ಕುಣೀತಿದ್ದೆನಲ್ಲ" ಎಂದು ಅವ್ವ ಅವನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿದಳು. ಅಲ್ಲಿ ಹಳೆಯ ಸುಟ್ಟ ಕಲೆಗಳಿದ್ದವು. "ಅದೂ ಗೊತ್ತಾಗ್ತಿರಲಿಲ್ಲ ಕಣೇ" ಎಂದ ಅಪ್ಪ. ಅವ್ವ ಗಟ್ಟಿಯಾಗಿ ಅತ್ತಳು.

ನೀರು ತಾನಾಗಿಯೇ ಹದಕ್ಕೆ ಬರಲೆಂದು ಬಿಟ್ಟೆವು. ಸಂಜೆಯ ಹೊತ್ತಿಗೆ ನಾಲ್ಕು ಮೀನುಗಳು ಮೆಲ್ಲಗೆ ಅಲುಗಾಡಿದವು. ಕಸ್ತೂರಿ ಏಳಲಿಲ್ಲ. ಹಿತ್ತಿಲಲ್ಲಿ ಕರಿಬೇವಿನ ಗಿಡದ ಬುಡದಲ್ಲಿ ಅಪ್ಪನೇ ಗುಂಡಿ ತೋಡಿ ಹೂತ.

ಡಬ್ಬಿಯ ಅಡಿಯಿಂದ ಚೀಟಿ ಹೊರಗೆ ಬಂದು ಗೋಡೆಗೆ ಅಂಟಿತು. ಅವ್ವನ ಹಳೆಯ ನೂಲಿನ ಸೀರೆಯನ್ನು ಹರಿದು ಒದ್ದೆ ಮಾಡಿ ಗಾಜಿಗೆ ಸುತ್ತಿದೆವು. ಅದರ ಸೆರಗನ್ನು ಕೆಳಗಿನ ಬೋಗುಣಿಯ ನೀರಿನಲ್ಲಿ ಬಿಟ್ಟರೆ ಬಟ್ಟೆ ಒಣಗುವುದಿಲ್ಲವೆಂದು ಅಪ್ಪನೇ ಹೇಳಿಕೊಟ್ಟ. ಫ್ಯಾನು ನಮ್ಮನ್ನು ಬಿಟ್ಟು ಮೀನಿನ ಕಡೆ ತಿರುಗಿತು. ಕರೆಂಟು ಹೋದಾಗ ಅವ್ವ ಬೀಸಣಿಗೆ ಹಿಡಿದು, "ಗಂಡನಿಗೂ ಇಷ್ಟು ಬೀಸಿರಲಿಲ್ಲ, ನಿಮ್ಮ ಪುಣ್ಯ ಕಣ್ರಪ್ಪ" ಎಂದು ಮೀನುಗಳಿಗೆ ಹೇಳುತ್ತ ಗಾಳಿ ಹಾಕುತ್ತಿದ್ದಳು. ನೀರಿನ ಹದ ನೋಡುವ ಕೆಲಸ ಮಾತ್ರ ನನ್ನದು. ನಾನು ಕೈ ಇಳಿಸಿದರೆ ಅಪ್ಪ ಪಕ್ಕದಲ್ಲಿ ನಿಂತು, "ಹೆಂಗಿದೆ?" ಎಂದು ಕೇಳುತ್ತಿದ್ದ.

ಟೀಚರ್ ಬಂದ ದಿನ ಅಪ್ಪ ಸುತ್ತಿ ಬಳಸಿ ಮಾತನಾಡಲಿಲ್ಲ. "ಒಂದು ಮೀನು ನನ್ನ ಕೈಯಿಂದ ಹೋಯ್ತು ಟೀಚರ್. ನೀವು ಬರೆದಿಟ್ಟಿದ್ರಿ, ನಾನು ಕೇಳಲಿಲ್ಲ" ಎಂದ. ತನ್ನ ಕೈಯ ಸಂಗತಿಯನ್ನೂ ಹೇಳಿದ. ಟೀಚರ್ ಕಣ್ಣು ಒರೆಸಿಕೊಂಡರು. ಉಳಿದ ನಾಲ್ಕರ ಮುಂದೆ ಸ್ವಲ್ಪ ಹೊತ್ತು ನಿಂತರು. ಆಮೇಲೆ ತಿರುಗಿ, ನನ್ನನ್ನು ಶಾಲೆಯಲ್ಲಿ ಗದರುವ ದನಿಯಲ್ಲೇ ಅಪ್ಪನನ್ನು ಗದರಿದರು: "ಮೀನಿಗಾಗಿ ಇಷ್ಟು ಮಾಡಿದ್ದೀರಿ, ನಿಮ್ಮ ಕೈ ಬಗ್ಗೆ ಎರಡು ವರ್ಷ ಸುಮ್ಮನಿದ್ದೀರಲ್ಲ ಮರುಳಯ್ಯನವರೇ? ನಾಳೆ ನನ್ನ ಜೊತೆ ಡಾಕ್ಟರ ಹತ್ರ ಬನ್ನಿ."

ಡಾಕ್ಟರು ಕೈ ಒತ್ತಿ, ಚುಚ್ಚಿ ನೋಡಿದರು. "ಸ್ಪರ್ಶ ಮರಳಿ ಬಂದರೂ ಬರಬಹುದು, ವರ್ಷವಾದರೂ ಬೇಕು. ಆದರೆ ಆ ತೊಟ್ಟಿಗೆ ಮತ್ತೆ ಕೈಹಾಕಿದರೆ ಬರುವ ಮಾತೇ ಇಲ್ಲ" ಎಂದರು. ಅಪ್ಪ ಮಾರನೆಯ ದಿನ ಸಾಹುಕಾರರ ಮುಂದೆ ಹೋಗಿ ನಿಂತ. ಅವ್ವ ಆ ದಿನ ಒಲೆಯನ್ನೇ ಹಚ್ಚಲಿಲ್ಲ. ಸಾಹುಕಾರರು ಮೊದಲು ರೇಗಿದರಂತೆ. ಆಮೇಲೆ ಅಪ್ಪನ ಮುಖವನ್ನು ಗೋಡೆಗೆ ತಿರುಗಿಸಿ ನಿಲ್ಲಿಸಿ, ಹತ್ತು ಡಬ್ಬಗಳನ್ನು ಬೇರೆಯವರಿಂದ ತಟ್ಟಿಸಿದರಂತೆ. ಹತ್ತಕ್ಕೆ ಹತ್ತೂ ಅಪ್ಪ ಸರಿಯಾಗಿ ಹೇಳಿದ. ತೊಟ್ಟಿಯ ಕೆಲಸ ಬೇರೆಯವರಿಗೆ ಹೋಯಿತು, ತಟ್ಟಿ ಕೇಳುವ ಕೆಲಸ ಅಪ್ಪನಿಗೆ ಉಳಿಯಿತು.

ವರ್ಷವಿಡೀ ನಾನು ಗುಂಡಿ ಹಾಕಿದೆ. ಭಾನುವಾರ ಬೆಳಿಗ್ಗೆ ಟೀಚರ ಮನೆಗೆ ಹೋಗಿ ಅಪ್ಪ ಅಕ್ವೇರಿಯಂಗೆ ಕೈ ಇಳಿಸುತ್ತಿದ್ದ. ಏನೂ ಗೊತ್ತಾಗದೆ, ಕೈ ಒರೆಸಿಕೊಂಡು ಬರುತ್ತಿದ್ದ. ಮೀನುಗಳಿಗೆ ಆ ಕೈಯ ಭಯ ಹೋಗಿತ್ತು.

ಮುಂದಿನ ಬೇಸಿಗೆಗೆ ಟೀಚರ್ ತಂಗಿಯ ಮಗುವನ್ನು ನೋಡಲು ಹೊರಟರು. ಅಕ್ವೇರಿಯಂ ಮತ್ತೆ ನಮ್ಮ ಮನೆಗೇ ಬಂತು. ಬೇರೆ ಯಾರಿಗಾದರೂ ಕೊಡುತ್ತಾರೇನೋ ಎಂದು ಅಳುಕಿದ್ದ ಅಪ್ಪ, ಅದನ್ನು ತಾನೇ ಎತ್ತಿಕೊಂಡು ಬಂದು ಒದ್ದೆ ಬಟ್ಟೆ ಸುತ್ತಿದ. ಮಡಕೆಯ ನೀರು ಹಾಕಿ, ಅಭ್ಯಾಸದಂತೆ ಕೈ ಇಳಿಸಿದ. ಟೀಚರ್ ಚಪ್ಪಲಿ ಮೆಟ್ಟುತ್ತಿದ್ದರು. ಇದ್ದಕ್ಕಿದ್ದಂತೆ ಅಪ್ಪ, "ಅಯ್ಯೋ!" ಎಂದು ಕೈ ಕಿತ್ತುಕೊಂಡ. ನೀರು ನನ್ನ ಮುಖಕ್ಕೆ ಹಾರಿತು.

"ಏನಾಯ್ತ್ರೀ?" ಎಂದು ಅವ್ವ ಓಡಿಬಂದಳು.

"ಕಚ್ಚಿತು ಕಣೇ" ಎಂದ ಅಪ್ಪ. "ಈ ಬೆರಳು. ಮೀನು ಕಚ್ಚಿತು... ಗೊತ್ತಾಯ್ತು."

ಅಪ್ಪ ಮತ್ತೆ ಕೈಯನ್ನು ನಿಧಾನವಾಗಿ ನೀರಿಗಿಳಿಸಿದ. ಅವ್ವ, ನಾನು, ಒಂದೇ ಚಪ್ಪಲಿ ಮೆಟ್ಟಿದ್ದ ಟೀಚರ್, ಮೂವರೂ ಗಾಜಿಗೆ ಮುಖ ತಂದು ಕಾದೆವು. ನಾಲ್ಕು ಮೀನುಗಳೂ ತಿರುಗಿ ಬಂದು, ಆ ದೊಡ್ಡ ಕೈಯ ಒಂದೊಂದು ಬೆರಳನ್ನೇ ಬಾಯಲ್ಲಿ ಮುಟ್ಟತೊಡಗಿದವು. ಅಪ್ಪ ಕೈ ತೆಗೆಯದೆ, ಕಚಗುಳಿ ತಾಳಲಾರದೆ ನಗುತ್ತಿದ್ದ.