ಬೆಣ್ಣೆ ಐದು ದಿನ ಹೇಳಿದ ಮಾತು

ಶಾಲೆಗೆ ಹೋಗುವ ಮಗು ಇರುವ ಮನೆಯಲ್ಲಿ ಬೆಳಗಿನ ಗಡಿಬಿಡಿ ಹೇಗಿರುತ್ತದೆ ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕಾಲುಚೀಲ ಸಿಕ್ಕರೆ ಇನ್ನೊಂದು ಸಿಗದು. ನೀರಿನ ಬಾಟಲಿ ಸಿಕ್ಕರೆ ಮುಚ್ಚಳ ಮಾಯ. ಬೇಕರಿಯವನ ಮನೆಯಲ್ಲಿ ಇದರ ಜೊತೆಗೆ ಇನ್ನೊಂದು ಕೆಲಸವಿತ್ತು. ಎಂಟು ವರ್ಷದ ಮಗಳ ಕಿವಿಗೆ ಮಷಿನ್ ಹಾಕುವುದು.

ಹುಟ್ಟಿದಾಗ ಮೈಯೆಲ್ಲ ಮೆತ್ತಗಿತ್ತೆಂದು ಅವಳನ್ನು ಬೆಣ್ಣೆ ಎಂದು ಕರೆಯುತ್ತಿದ್ದರು. ಕರೆದರೆ ತಿರುಗಿ ನೋಡುವುದಿಲ್ಲ ಎಂದು ಗೊತ್ತಾದದ್ದು ಅವಳಿಗೆ ಎರಡು ತುಂಬಿದ ಮೇಲೆ. ಮಷಿನ್ ಹಾಕಿದರೆ ಬಾಗಿಲು ದಡಾರೆಂದದ್ದು, ನಾಯಿ ಬೊಗಳಿದ್ದು ಕೇಳುತ್ತಿತ್ತು. ಮಾತು ಮಾತ್ರ ಮಾತಾಗಿ ಕೇಳುತ್ತಿರಲಿಲ್ಲ. ಕಿವಿ ಕೇಳದ ಮಕ್ಕಳ ಶಾಲೆಗೆ ಸೇರಿ ಒಂದು ವರ್ಷವಾಗಿತ್ತು. ಅಲ್ಲಿ ಅವಳು ಕೈಮಾತು ಕಲಿತಳು. ಶಾಲೆಯ ವ್ಯಾನಿನಲ್ಲಿ ಕೂತರೆ ಅವಳ ಕೈ ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ. ಮನೆಯ ಹೊಸ್ತಿಲು ದಾಟಿದರೆ ಕೈ ಜೇಬು ಸೇರುತ್ತಿತ್ತು. ಮನೆಯಲ್ಲಿ ಆ ಭಾಷೆ ಯಾರಿಗೆ ಬರುತ್ತದೆ?

ಪ್ರತಿ ಶನಿವಾರ ಮಧ್ಯಾಹ್ನ ತಂದೆತಾಯಿಯರಿಗೂ ಕೈಮಾತು ಕಲಿಸುತ್ತೇವೆ, ತಪ್ಪದೆ ಬನ್ನಿ ಎಂದು ಶಾಲೆಯಿಂದ ಚೀಟಿ ಬಂದಿತ್ತು. ಹೆಂಡತಿಗೆ ಹೋಗುವ ಮನಸ್ಸು. ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆಗೆ ಹೋಗುವ ಅವಳಿಗೆ ಶನಿವಾರ ಅರ್ಧ ದಿನ ರಜ. ಬೇಕರಿಯವನು ಒಪ್ಪಲಿಲ್ಲ.

"ಬೇಡ ಕಣೆ. ಮನೇಲೂ ನಾವು ಕೈ ಕುಣಿಸ್ತಾ ಕೂತ್ರೆ ಅವಳು ಬಾಯಿ ಯಾಕೆ ಬಿಡ್ತಾಳೆ? ಬಾಯಿಗೆ ಸೋಮಾರಿತನ ಹತ್ತುತ್ತೆ."

"ನಿಮಗೆ ಹಾಗಂತ ಯಾರ್ರೀ ಹೇಳಿದ್ದು?"

"ಯಾರು ಹೇಳ್ಬೇಕು? ಎಲ್ರೂ ಹೇಳ್ತಾರೆ."

ಎಲ್ಲರೂ ಎಂದರೆ ಬೇಕರಿಗೆ ಬ್ರೆಡ್ ಕೊಳ್ಳಲು ಬರುವವರು. ಅವರಲ್ಲಿ ಒಬ್ಬರಿಗೂ ಕಿವಿ ಕೇಳದ ಮಗು ಇರಲಿಲ್ಲ. ಅದು ಅವನಿಗೆ ಹೊಳೆಯಲಿಲ್ಲ. ಮಗಳ ಮೇಲೆ ಪ್ರೀತಿ ಇಲ್ಲವೆಂದಲ್ಲ, ಅವಳೆಂದರೆ ಪ್ರಾಣ. ಒಂದು ಸಲ ಅವಳು ಬಾಯಿ ತುಂಬ 'ಅಪ್ಪಾ' ಎಂದರೆ ಸಾಕು ಎಂದು ಕಾದು ಕೂತಿದ್ದ.

ಹೀಗಿರುವಾಗ ಶಾಲೆಯ ಚಾವಣಿ ರಿಪೇರಿಗೆಂದು ಐದು ದಿನ ರಜ ಕೊಟ್ಟರು.

ಹೆಂಡತಿ ಏಳಕ್ಕೇ ಕಾರ್ಖಾನೆಗೆ ಹೊರಡುತ್ತಿದ್ದಳು. ಮೊದಲ ಭಟ್ಟಿಯ ಬ್ರೆಡ್ ತೆಗೆದು ಏಳೂವರೆಗೆ ಅವನು ಮನೆಗೆ ಬರುತ್ತಿದ್ದ. ಬೆಳಗ್ಗೆ ಎದ್ದಾಗಿನಿಂದ ಮಷಿನ್ ಕಿವಿಯಲ್ಲಿರಬೇಕು ಎಂದು ಶಾಲೆಯಲ್ಲಿ ಹೇಳಿದ್ದರು. ಆ ಒಂದು ಮಾತನ್ನು ಅವನು ಚಾಚೂ ತಪ್ಪದೆ ಪಾಲಿಸುತ್ತಿದ್ದ.

ಮೊದಲ ದಿನ ಬಲಗಿವಿಗೆ ಮಷಿನ್ ಹಾಕಿದ ಕೂಡಲೇ ಬೆಣ್ಣೆ ಕಿತ್ತು ಕೈಗೆ ಕೊಟ್ಟಳು. ಎರಡೂ ತೋರುಬೆರಳುಗಳನ್ನು ಎದುರುಬದುರು ಹಿಡಿದು, ಒಂದನ್ನೊಂದು ಚುಚ್ಚುವ ಹಾಗೆ ಆಡಿಸಿದಳು. ಅವನು ನೋಡಿದ. ಇದೇನು, ಎರಡು ಬೆರಳು ಬಡಿದಾಡುತ್ತಿವೆಯಲ್ಲ?

"ಜಗಳಾನಾ? ಯಾರ ಜೊತೆ? ಶಾಲೇಲಿ ಯಾರಾದ್ರೂ ಹೊಡೆದ್ರಾ?" ಎಂದು ಬಾಯಿ ಅಗಲ ಮಾಡಿ ಕೂಗಿ ಕೇಳಿದ.

ಬೆಣ್ಣೆ ತಲೆ ಅಲ್ಲಾಡಿಸಿದಳು. ಮತ್ತೆ ಅದೇ ಬೆರಳು. ಮತ್ತೆ ಮತ್ತೆ ಅದೇ ಬೆರಳು.

ಎರಡನೇ ದಿನವೂ ಹಾಗೇ ಆಯಿತು. ಹಾಕಿದ ಮಷಿನ್ ಕುಂಯ್ ಎಂದು ಶಿಳ್ಳೆ ಹೊಡೆಯಿತು. ಸರಿಯಾಗಿ ಕೂತಿಲ್ಲದಿದ್ದರೆ ಶಿಳ್ಳೆ ಬರುತ್ತದೆ ಎಂದು ಅವನಿಗೆ ಗೊತ್ತಿತ್ತು. ಹೆಬ್ಬೆರಳಿನಿಂದ ಒತ್ತಿ ಕೂರಿಸಿದ. ಮೂರನೇ ದಿನ ಮಷಿನ್ನೇ ಇಲ್ಲ. ಮನೆಯೆಲ್ಲ ತಡಕಾಡಿ ಬೆವರು ಕಿತ್ತುಬಂತು. ನಾಲ್ಕನೇ ದಿನ ಅದು ಹಿಟ್ಟಿನ ಡಬ್ಬಿಯಲ್ಲಿ ಸಿಕ್ಕಿತು. ಅವನಿಗೆ ಸಿಟ್ಟು ನೆತ್ತಿಗೇರಿತು. ಬೆನ್ನಿಗೆ ಒಂದೇಟು ಬಿಗಿದು, ಮಷಿನ್ ಒರೆಸಿ, ಇನ್ನಷ್ಟು ಒತ್ತಿ ಹಾಕಿದ. ಬೆಣ್ಣೆ ಅಳಲಿಲ್ಲ. ಅಪ್ಪನ ಮುಖ ನೋಡಿದಳು, ಅಷ್ಟೇ. ಆಮೇಲೆ ಮೂಲೆಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತಳು.

ಸಂಜೆ ತಾಯಿ ತಲೆ ಬಾಚಲು ಹೋದರೆ ಬಲಗಡೆ ಮುಟ್ಟಗೊಡಲಿಲ್ಲ. ಊಟವೂ ಅಷ್ಟಕ್ಕಷ್ಟೆ. ನೆಗಡಿ ಬರುವ ಹಾಗಿದೆ ಎಂದು ಗಂಡನಿಗೆ ಹೇಳಿದಳು.

"ನೆಗಡಿ ಅಲ್ಲ ಏನೂ ಅಲ್ಲ. ಶಾಲೇಲಿ ಯಾರೋ ಇವಳ ಮೇಲೆ ಕೈ ಮಾಡ್ತಿದಾರೆ. ಇವಳು ಹೇಳ್ತಿರೋದು ಅದನ್ನೇ. ನಾಡಿದ್ದು ವ್ಯಾನ್ ಬರ್ಲಿ, ಇವಳನ್ನ ಕಳ್ಸೋದೇ ಇಲ್ಲ ಅಂದ್ಬಿಡ್ತೀನಿ."

"ಮೊದ್ಲು ವಿಚಾರಿಸಿ. ಒಂದೇ ಸಲಕ್ಕೆ ಬಿಡಿಸಿದ್ರೆ ಅವಳ ಗತಿ ಏನು?"

"ಏಟು ತಿನ್ನೋಕೆ ಶಾಲೆ ಯಾಕೆ ಬೇಕು?" ಎಂದ, ತಾನು ಬೆಳಗ್ಗೆ ಕೊಟ್ಟ ಏಟು ಮರೆತು.

ರಜ ಮುಗಿದ ಬೆಳಗ್ಗೆ ವ್ಯಾನ್ ಗಲ್ಲಿಯ ತಿರುವಿನಲ್ಲಿ ಬಂದು ನಿಂತಿತು. ಮಕ್ಕಳನ್ನು ಹತ್ತಿಸಿ ಇಳಿಸುವ ಹೆಂಗಸು ಬಾಗಿಲು ಸರಿಸಿದಳು. ಎಲ್ಲರೂ ಅವಳನ್ನು ವ್ಯಾನಕ್ಕ ಎನ್ನುತ್ತಿದ್ದರು. ಅವಳ ಸ್ವಂತ ತಮ್ಮನಿಗೂ ಕಿವಿ ಕೇಳದು. ಕೈಮಾತು ಅವಳಿಗೆ ಚಿಕ್ಕಂದಿನಿಂದಲೇ ನೀರು ಕುಡಿದಷ್ಟು ಸಲೀಸು. ಬೇಕರಿಯವನು ಕೈಕಟ್ಟಿ, ಹೇಳಬೇಕಾದ ಮಾತನ್ನೆಲ್ಲ ಜೋಡಿಸಿಕೊಂಡು ನಿಂತಿದ್ದ. ಅವನು ಬಾಯಿ ತೆರೆಯುವ ಮೊದಲೇ ಬೆಣ್ಣೆ ಅವನ ಪಕ್ಕದಿಂದ ಬಾಣದ ಹಾಗೆ ಓಡಿದಳು. ವ್ಯಾನಕ್ಕನ ಎದುರು ನಿಂತು ಅದೇ ಎರಡು ಬೆರಳು ಆಡಿಸಿದಳು. ಈ ಸಲ ಕಿವಿಯ ಹತ್ತಿರ.

ವ್ಯಾನಕ್ಕ ರಸ್ತೆಯಲ್ಲೇ ಮೊಣಕಾಲೂರಿ ಕೂತಳು. ಕೂದಲು ಸರಿಸಿದಳು. ಮೆಲ್ಲಗೆ ಮಷಿನ್ ಹೊರಗೆಳೆದಳು. ಕಿವಿ ಕೆಂಪಗೆ ಊದಿತ್ತು. ಮಷಿನ್ನಿನ ತುದಿಗೆ ಕೀವು ಅಂಟಿತ್ತು.

"ಅಣ್ಣಾ, ಇಲ್ಲಿ ನೋಡಿ."

"ಶಾಲೇಲಿ ಯಾರೋ ಜಗಳ..." ಎಂದು ಶುರುಮಾಡಿದ ಅವನು ಅಲ್ಲಿಗೇ ನಿಂತ.

"ಜಗಳ ಅಲ್ಲಣ್ಣ. ನೋವು. ಇದು ನೋವು ಅನ್ನೋ ಮಾತು." ವ್ಯಾನಕ್ಕ ತನ್ನ ಬೆರಳಾಡಿಸಿ ತೋರಿಸಿದಳು. ಆಮೇಲೆ ಮಗುವಿನ ಕಡೆ ತಿರುಗಿ ಕೈಯಲ್ಲೇ ಏನೋ ಕೇಳಿದಳು. ಬೆಣ್ಣೆ ಅಂಗೈ ಅಗಲಿಸಿ ಐದು ಬೆರಳು ತೋರಿಸಿದಳು.

ಅದಕ್ಕೆ ಅರ್ಥ ಹೇಳುವವರು ಬೇಕಿರಲಿಲ್ಲ. ಬೇಕರಿಯವನು ವ್ಯಾನಿನ ಬಾಗಿಲು ಹಿಡಿದು ನಿಂತ.

"ನಾನೇ ಒತ್ತಿ ಒತ್ತಿ ಹಾಕ್ದೆ ಅಕ್ಕಾ..." ಎಂದ.

"ಒಳ್ಳೇದಾಗ್ಲಿ ಅಂತ ತಾನೇ ಹಾಕಿದ್ದು? ಈಗ ಅದನ್ನೇ ಹಚ್ಕೊಂಡು ನಿಲ್ಬೇಡಿ. ಇವಳನ್ನ ಕರ್ಕೊಂಡು ಸೀದಾ ಕಿವಿ ಡಾಕ್ಟರ ಹತ್ರ ಹೋಗಿ. ಮಷಿನ್ನೂ ತಗೊಂಡು ಹೋಗಿ. ಶಾಲೇಲಿ ನಾನು ಹೇಳ್ತೀನಿ."

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕಿವಿಗೆ ಬೆಳಕು ಬಿಟ್ಟು ನೋಡಿದರು. ಕಿವಿಯೊಳಗೆ ಕೂರುವ ಮಷಿನ್ನಿನ ಅಚ್ಚನ್ನು ಬೆರಳಲ್ಲಿ ತಿರುಗಿಸಿ ನೋಡಿದರು.

"ಈ ಅಚ್ಚು ತೆಗೆಸಿ ಎಷ್ಟು ದಿನ ಆಯ್ತು?"

"ಒಂದೂವರೆ ವರ್ಷ ಆಗಿರ್ಬೇಕು ಮೇಡಂ."

"ಮಗು ಬೆಳೆಯುತ್ತಲ್ಲ, ಕಿವಿನೂ ಬೆಳೆಯುತ್ತೆ. ಅಚ್ಚು ಬೆಳೆಯಲ್ಲ. ಸಡಿಲ ಆಗಿ ಉಜ್ಜಿ ಉಜ್ಜಿ ಗಾಯ ಆಗಿದೆ. ಶಿಳ್ಳೆ ಬರ್ತಿತ್ತಾ?"

"ಬರ್ತಿತ್ತು. ಅದಕ್ಕೇ ಒತ್ತಿ ಹಾಕ್ದೆ."

"ಸರಿಯಾಗಿ ಹಾಕಿದ್ರೂ ಶಿಳ್ಳೆ ಬರ್ತಿದ್ರೆ, ಅಚ್ಚು ಚಿಕ್ಕದಾಗಿದೆ ಅಂತ ಅರ್ಥ. ಒತ್ತೋದಲ್ಲ, ತಂದು ತೋರಿಸ್ಬೇಕು. ಮಕ್ಕಳದ್ದನ್ನ ಆರು ತಿಂಗಳಿಗೊಮ್ಮೆ ಆದ್ರೂ ನೋಡಿಸಿ. ಮಗು ಪದೇ ಪದೇ ಕೀಳ್ತಾ ಇದ್ರೆ ಹಠ ಅಂದ್ಕೋಬೇಡಿ, ಮೊದ್ಲು ಕಿವಿ ನೋಡಿ. ಗಾಯ ಮಾಯೋವರೆಗೆ ಈ ಕಿವಿಗೆ ಮಷಿನ್ ಬೇಡ."

"ಸ್ವಲ್ಪ ಬಿಸಿ ಎಣ್ಣೆ ಬಿಡ್ಲಾ ಮೇಡಂ?"

"ನಾನು ಬರೆದ ಔಷಧ ಬಿಟ್ಟು ಬೇರೆ ಏನೂ ಬಿಡ್ಬೇಡಿ!"

ಸಂಜೆ ಹೆಂಡತಿ ಬಂದಾಗ ಅವನು ಒಂದೂ ಮುಚ್ಚಿಡದೆ ಹೇಳಿದ, ಏಟು ಹಾಕಿದ್ದನ್ನೂ. ಅವಳು ರೇಗಾಡುತ್ತಾಳೆ ಎಂದುಕೊಂಡಿದ್ದ. ಅವಳು ಮಲಗಿದ್ದ ಮಗಳ ಕೂದಲು ಸವರುತ್ತಾ ತಗ್ಗಿದ ದನಿಯಲ್ಲಿ, "ಇವಳು ಮಾತಾಡ್ಲಿ ಅಂತ ನೀವು ಕಾಯ್ತಿದ್ರಿ. ಇವಳು ಮಾತಾಡ್ತಾನೇ ಇದ್ಲು. ನಮಗೇ ಕೇಳಿಸ್ಲಿಲ್ಲ," ಎಂದಳು.

ಆ ಶನಿವಾರ ಗಂಡ ಹೆಂಡತಿ ಇಬ್ಬರೂ ಶಾಲೆಯಲ್ಲಿದ್ದರು.

ಮಕ್ಕಳ ಪುಟ್ಟ ಬೆಂಚುಗಳಲ್ಲಿ ದೊಡ್ಡವರು ಮಂಡಿ ಮಡಚಿ ಕೂತಿದ್ದರು. ಲಾರಿ ಓಡಿಸುವವರು, ಪೋಸ್ಟಿನವರು, ಮೊಮ್ಮಗನಿಗಾಗಿ ಬಂದ ಒಬ್ಬ ಅಜ್ಜಿ. ಕಲಿಸುತ್ತಿದ್ದವಳು ಅದೇ ಶಾಲೆಯಲ್ಲಿ ಓದಿ ಅಲ್ಲೇ ಟೀಚರಾದ ಹುಡುಗಿ. ಅವಳಿಗೂ ಕಿವಿ ಕೇಳದು. ಅವಳು ಕೈಯಲ್ಲಿ ಹೇಳಿದ್ದನ್ನು ಪಕ್ಕದಲ್ಲಿ ನಿಂತ ಹೆಡ್ ಮಿಸ್ ಬಾಯಲ್ಲಿ ಹೇಳುತ್ತಿದ್ದರು. ಬೇಕರಿಯವನ ಕಣ್ಣು ಆ ಹುಡುಗಿಯ ಮೇಲೇ ಇತ್ತು. ಎಷ್ಟು ಧೈರ್ಯವಾಗಿ ನಿಂತಿದ್ದಾಳೆ! ಆದರೂ ಹೊಟ್ಟೆಯೊಳಗಿನ ಅನುಮಾನ ಸುಮ್ಮನಿರಗೊಡಲಿಲ್ಲ. ಎದ್ದು ನಿಂತು ಕೇಳಿಯೇಬಿಟ್ಟ.

"ಮಿಸ್, ಕೈಮಾತು ಕಲಿತ್ರೆ ಬಾಯಿಮಾತು ಬರಲ್ಲ ಅಂತಾರಲ್ಲ?"

ಹೆಡ್ ಮಿಸ್ ನಕ್ಕರು. "ಇಲ್ಲಿ ಕೂತಿರೋ ಅರ್ಧ ಜನಕ್ಕೆ ಅದೇ ಅನುಮಾನ. ಕೇಳಿದ್ದು ಒಳ್ಳೇದಾಯ್ತು. ನಾನು ಇಲ್ಲಿ ಇಪ್ಪತ್ತು ವರ್ಷದಿಂದ ಇದೀನಿ. ಕೈಮಾತು ಕಲಿತದ್ದಕ್ಕೆ ಬಾಯಿ ಕಟ್ಟಿದ ಒಂದು ಮಗೂನೂ ನೋಡಿಲ್ಲ. ಕೆಲವರಿಗೆ ಬಾಯಿಮಾತು ಬರುತ್ತೆ, ಕೆಲವರಿಗೆ ಬರಲ್ಲ. ಅದನ್ನೂ ಕಲಿಸ್ತೀವಿ, ಬಿಡಲ್ಲ. ಆದ್ರೆ ಅದು ಬರೋವರೆಗೆ ಹೊಟ್ಟೆ ನೋವು, ಭಯ, ಸಿಟ್ಟು, ಎಲ್ಲಾನೂ ಮಗು ನುಂಗ್ಕೊಂಡು ಕೂತಿರ್ಬೇಕಾ?"

ಬೇಕರಿಯವನು ಬೆಂಚಿಗೆ ಮರಳಿ ಟೀಚರಿನ ಕೈ ನೋಡತೊಡಗಿದ.

ಆ ದಿನ ಅವರು ಕಲಿತದ್ದು ಆರೇ ಮಾತು. ನೋವು, ಭಯ, ಹಸಿವು, ಬೇಡ, ಸಾಕು, ಬಚ್ಚಲು. "ಮೊದಲು ಇವು ಬರ್ಲಿ. ಕಥೆ ಹೇಳೋದು ಆಮೇಲೆ," ಎಂದರು ಹೆಡ್ ಮಿಸ್. ಮಗುವಿನ ಎದುರು ಬೆಳಕಿನಲ್ಲಿ ಕೂತು ಮಾತಾಡಿ, ಬಾಯಿ ಹಿಗ್ಗಿಸಿ ಕೂಗಬೇಡಿ, ಕರೆಯಬೇಕಾದರೆ ಭುಜ ಮುಟ್ಟಿ ಎಂದರು. ದಿನಾ ಚೀಲದಲ್ಲಿ ಬರುವ ಪುಸ್ತಕದಲ್ಲಿ ಒಂದು ಸಾಲು ಬರೆಯಿರಿ, ನಿದ್ದೆ ಬರಲಿಲ್ಲ, ಊಟ ಬಿಟ್ಟಳು, ಮಷಿನ್ ಕೀಳುತ್ತಿದ್ದಾಳೆ, ಏನಿದ್ದರೂ ಸರಿ ಎಂದೂ ಹೇಳಿದರು. "ರಜ ಇದ್ರೂ ಫೋನ್ ಮಾಡಿ. ಚಾವಣಿ ರಿಪೇರಿ ಇರುತ್ತೆ, ನಮ್ಮ ಫೋನ್ ರಿಪೇರಿ ಇರಲ್ಲ."

ಮೂವತ್ತು ವರ್ಷ ಹಿಟ್ಟು ನಾದಿ, ಬಿಸಿ ತಟ್ಟೆ ಹಿಡಿದು ಅವನ ಬೆರಳು ಮರಗಟ್ಟಿದ್ದವು. ಬೇಕೆಂದ ಹಾಗೆ ಬಾಗುತ್ತಿರಲಿಲ್ಲ. ಮನೆಯಲ್ಲಿ ಬೆಣ್ಣೆ ಅವನ ಎದುರು ಕೂತು, ಒಂದೊಂದೇ ಬೆರಳು ಹಿಡಿದು ನೆಟ್ಟಗೆ ಮಾಡುತ್ತಿದ್ದಳು. ತಪ್ಪಾದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅವಳ ನಗು ನೋಡಲೆಂದೇ ಅವನು ಬೇಕಂತಲೇ ಒಂದೆರಡು ತಪ್ಪು ಮಾಡಿದ್ದೂ ಉಂಟು.

ನಾಲ್ಕನೇ ವಾರ, ಶಾಲೆಯಿಂದ ಬಂದವಳು ಚೀಲ ಇಳಿಸಿ ಅವನೆದುರು ನಿಂತಳು. ನಿಧಾನವಾಗಿ, ಅವನಿಗೆ ಅರ್ಥವಾಗಲೆಂದು ಬಿಡಿಬಿಡಿಯಾಗಿ ಕೇಳಿದಳು. ನೀನು. ಹೊಡೆದೆ. ಯಾಕೆ?

ಆ ಮೂರೂ ಮಾತು ಅವನಿಗೆ ಬರುತ್ತಿದ್ದವು. ತಿಂಗಳ ಹಿಂದೆ ಕೇಳಿದ್ದರೆ, ಏನೋ ಆಟ ಎಂದು ತಲೆ ಸವರಿ ಎದ್ದು ಹೋಗುತ್ತಿದ್ದ. ಈಗ ಹೋಗುವ ಹಾಗಿರಲಿಲ್ಲ. ನೆಲದ ಮೇಲೆ ಕೂತು, ಅವಳ ಕಣ್ಣಿಗೆ ಕಣ್ಣು ಕೊಟ್ಟು, ಬೆರಳು ಜೋಡಿಸಿಕೊಂಡು ಹೇಳಿದ. ನನಗೆ. ಗೊತ್ತಿರಲಿಲ್ಲ. ತಪ್ಪು. ನನ್ನದು.

ಬೆಣ್ಣೆ ಮುಂದೆ ಬಂದು ಅವನ ಕೈ ಹಿಡಿದು ಬೆರಳು ತಿದ್ದಿದಳು. ತಪ್ಪು ಎನ್ನುವುದನ್ನೇ ಅವನು ತಪ್ಪಾಗಿ ಹೇಳಿದ್ದ. ತಿದ್ದಿ, ಇನ್ನೊಮ್ಮೆ ಹೇಳಿಸಿ, ಒಪ್ಪಿಗೆಯಾದ ಮೇಲೆ ಅವನ ತೊಡೆಯ ಮೇಲೆ ಕೂತಳು.

ಈಗ ಹೊಸ ಅಚ್ಚು ಬಂದಿದೆ. ಗಾಯ ಮಾಯ್ದಿದೆ. ಬೆಣ್ಣೆ ದಿನಕ್ಕೆ ಒಂದು ಗಂಟೆ ಬಾಯಿಮಾತಿನ ಪಾಠವನ್ನೂ ಕಲಿಯುತ್ತಾಳೆ. 'ಪ' ಎನ್ನಲು ತುಟಿ ಒತ್ತುತ್ತಾಳೆ. ಬಂದರೆ ಸಂತೋಷ, ಬಾರದಿದ್ದರೆ ಅಪ್ಪ ಮಗಳ ಮಾತು ಅದಕ್ಕಾಗಿ ನಿಂತಿಲ್ಲ. ಬೇಕರಿಯಲ್ಲಿ ಯಾರಾದರೂ, "ಕೈಮಾತು ಕಲಿತ್ರೆ ಬಾಯಿ..." ಎಂದು ಶುರು ಮಾಡಿದರೆ, "ನಿಮಗೆ ಯಾರು ಹೇಳಿದ್ದು?" ಎಂದು ಅವನೇ ಕೇಳುತ್ತಾನೆ. ಬ್ರೆಡ್ ಕಟ್ಟಿಕೊಡುವುದರೊಳಗೆ ಪಾಠವೂ ಮುಗಿದಿರುತ್ತದೆ.

ಇದನ್ನು ಓದುತ್ತಿರುವ ಅಪ್ಪಂದಿರೇ, ಅಮ್ಮಂದಿರೇ, ಅಜ್ಜಿ ತಾತಂದಿರೇ, ನಿಮ್ಮ ಮನೆಯಲ್ಲೂ ಕಿವಿ ಕೇಳದ ಮಗುವಿದೆಯೇ? ಇವತ್ತೇ ಅದರ ಕೂದಲು ಸರಿಸಿ ಕಿವಿ ನೋಡಿ. ಮಷಿನ್ನಿನ ಅಚ್ಚು ಎಂದು ತೆಗೆಸಿದ್ದು, ನೆನಪು ಮಾಡಿಕೊಳ್ಳಿ. ಕೆಂಪಾಗಿದ್ದರೆ, ಸೋರುತ್ತಿದ್ದರೆ ಮಷಿನ್ ತೆಗೆದಿಟ್ಟು ಡಾಕ್ಟರಿಗೆ ತೋರಿಸಿ. ಶಾಲೆಯವರ ಫೋನ್ ನಂಬರ್ ಕೈಗೆ ಸಿಗುವ ಕಡೆ ಬರೆದಿಡಿ. ಶನಿವಾರದ ತರಗತಿಗೆ ಬನ್ನಿ, ಒಬ್ಬರೇ ಬರಬೇಡಿ, ಮನೆಮಂದಿಯನ್ನೆಲ್ಲ ಕರೆತನ್ನಿ. ಬೆರಳು ಬಾಗುವುದಿಲ್ಲ, ಈ ವಯಸ್ಸಿಗೆ ತಲೆಗೆ ಹತ್ತುವುದಿಲ್ಲ ಎನ್ನಬೇಡಿ. ಕಲಿಸಲು ನಿಮ್ಮ ಮಗುವೇ ಇದೆ. ಅದಕ್ಕೆ ನಿಮ್ಮ ಹತ್ತಿರ ಹೇಳಿಕೊಳ್ಳುವುದು ಬಹಳಷ್ಟಿದೆ.